ಒಳ್ಳೆಯ ಕಾದಂಬರಿ ಹೇಳಿ ಎಂದವರಿಗೆ ಏನು ಹೇಳಬೇಕು?

ತಂಗಿಯ ಮಗ ಮೊದಲ ಕೆಲಸಕ್ಕೆ ಸೇರಿದ ವರ್ಷ ನನ್ನ ಬಳಿ ಬಂದು, "ಮಾವ, ಒಂದು ಒಳ್ಳೆಯ ಕಾದಂಬರಿ ಹೇಳಿ, ಓದುತ್ತೇನೆ" ಎಂದ. ಈ ಮಾತಿಗಾಗಿಯೇ ಇಪ್ಪತ್ತು ವರ್ಷ ಕಾದು ಕುಳಿತವನಂತೆ ಎದ್ದು ಹೋಗಿ, ಕಪಾಟಿನಿಂದ 'ಮಲೆಗಳಲ್ಲಿ ಮದುಮಗಳು' ತೆಗೆದು ಅವನ ಕೈಗಿಟ್ಟೆ. ಜೊತೆಗೆ ಅರ್ಧ ಗಂಟೆಯ ಭಾಷಣ ಬೇರೆ. ಎಂಟು ತಿಂಗಳ ಮೇಲೆ ಪುಸ್ತಕ ಮರಳಿ ಬಂತು. ನಲವತ್ತಮೂರನೆಯ ಪುಟದಲ್ಲಿ ಒಂದು ಬಸ್ ಟಿಕೆಟ್ ಸಿಕ್ಕಿಸಿತ್ತು. "ಚೆನ್ನಾಗಿದೆ ಮಾವ" ಎಂದು ಗೋಡೆ ನೋಡುತ್ತಾ ಹೇಳಿದ. ಅದಾದ ಮೇಲೆ ಮೂರು ವರ್ಷ ಅವನು ನನ್ನ ಬಳಿ ಪುಸ್ತಕದ ಮಾತೇ ಎತ್ತಲಿಲ್ಲ.

ಏಳುನೂರು ಪುಟ ಮೀರಿದ, ಮುಖ್ಯರು ಯಾರು ಅಮುಖ್ಯರು ಯಾರು ಎಂದು ವಿಂಗಡಿಸಲು ಒಪ್ಪದ, ಓದುಗನಿಂದ ಅಪಾರ ತಾಳ್ಮೆ ಬೇಡುವ ಕಾದಂಬರಿ ಅದು. ಶಾಲೆ ಬಿಟ್ಟ ಮೇಲೆ ಕನ್ನಡದಲ್ಲಿ ಪತ್ರಿಕೆಯ ಕ್ರೀಡಾಪುಟ ಬಿಟ್ಟು ಬೇರೇನೂ ಓದದ ಹುಡುಗನಿಗೆ ಅದನ್ನು ಕೊಟ್ಟದ್ದು, ಈಜು ಕಲಿಯಲು ಬಂದವನನ್ನು ತುಂಬಿದ ಹೊಳೆಗೆ ದೂಡಿದ ಹಾಗಾಯಿತು. ಅವನು ಕೇಳಿದ್ದು ತನಗೊಂದು ಪುಸ್ತಕ. ನಾನು ಕೊಟ್ಟದ್ದು ನನ್ನ ಪುಸ್ತಕ. ಆಮೇಲೆ ಹಲವರ ಮೇಲೆ ಪ್ರಯೋಗ ಮಾಡಿ, ಕೆಲವರ ಸ್ನೇಹಕ್ಕೂ ಕುತ್ತು ತಂದುಕೊಂಡು ಕಲಿತದ್ದನ್ನು ಕ್ರಮವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಬಾಯಿ ತೆರೆಯುವ ಮುನ್ನ ಕೇಳಬೇಕಾದದ್ದು

"ನಿಮಗೆ ಎಂಥ ಕಾದಂಬರಿ ಇಷ್ಟ?" ಎಂದು ಕೇಳಬೇಡಿ. "ಎಲ್ಲಾ ಬಗೆಯದೂ ಓದುತ್ತೇನೆ" ಎಂಬ ಉತ್ತರ ಬರುತ್ತದೆ, ಅದರಿಂದ ಯಾವ ಉಪಯೋಗವೂ ಇಲ್ಲ. ಹಾಗೆಯೇ "ನಿಮ್ಮ ಮೆಚ್ಚಿನ ಲೇಖಕರು ಯಾರು?" ಎಂದರೆ ಜನ ಪರೀಕ್ಷೆಗೆ ಕುಳಿತವರಂತೆ ದೊಡ್ಡ ದೊಡ್ಡ ಹೆಸರು ಹೇಳುತ್ತಾರೆ. ಓದಿದ್ದಾರೋ ಇಲ್ಲವೋ ದೇವರಿಗೇ ಗೊತ್ತು.

ನಾನು ಕೇಳುವುದು ಹೀಗೆ: ಕೊನೆಯದಾಗಿ ಪೂರ್ತಿ ಓದಿ ಮುಗಿಸಿದ ಕಾದಂಬರಿ ಯಾವುದು? ಅದರಲ್ಲಿ ಏನು ನೆನಪಿದೆ? ಎರಡನೆಯ ಪ್ರಶ್ನೆ ಮುಖ್ಯ. ಉತ್ತರ ಬರುವಾಗ ಪುಸ್ತಕದ ಹೆಸರಿಗಿಂತ ಆ ಮನುಷ್ಯ ಯಾವ ಜಾಗದಲ್ಲಿ ದನಿ ಏರಿಸುತ್ತಾನೆ ಎಂಬುದನ್ನು ಗಮನಿಸಬೇಕು. ಕಚೇರಿಯ ಹಿರಿಯ ಸಹೋದ್ಯೋಗಿಯೊಬ್ಬರೊಂದಿಗೆ ಆದ ಮಾತು ಇದು:

"ತ್ರಿವೇಣಿ ಅವರ 'ಶರಪಂಜರ' ಓದಿದೆ ಸರ್. ತುಂಬಾ ದಿನ ಕಾಡಿತು."

"ಏನು ಕಾಡಿತು ಮೇಡಂ?"

"ಅವಳು ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರುತ್ತಾಳಲ್ಲ. ಆಮೇಲೆ ಅವಳು ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಮನೆಯವರೇ ಅವಳನ್ನು ನೋಡುವ ನೋಟ ಇದೆಯಲ್ಲ, ಅದು."

ಇಲ್ಲಿ ತಡೆದು ಯೋಚಿಸಿ. 'ಶರಪಂಜರ' ಮೆಚ್ಚಿದವರಿಗೆ ತ್ರಿವೇಣಿಯವರದೇ ಇನ್ನೊಂದು ಕಾದಂಬರಿ ಹೇಳುವುದು ಸಲೀಸು. ಆದರೆ ಅದೇ ಪುಸ್ತಕದಿಂದ ಮೂರು ದಾರಿಗಳು ಕವಲೊಡೆಯುತ್ತವೆ. ನಾಯಕಿ ಕಾವೇರಿಯ ಮನಸ್ಸು ಒಳಗೊಳಗೇ ಕುಸಿಯುವ ಪರಿ ಹಿಡಿಸಿದ್ದರೆ ಯಶವಂತ ಚಿತ್ತಾಲರ 'ಶಿಕಾರಿ' ಹೇಳಬಹುದು. ಮುಂಬಯಿಯ ಕಂಪನಿಯೊಂದರಲ್ಲಿ ಕೆಲಸದಿಂದ ಅಮಾನತುಗೊಂಡ ನಾಗಪ್ಪನಿಗೆ ಸುತ್ತಲಿನವರೆಲ್ಲ ತನ್ನ ಬೇಟೆಗೆ ಹೊರಟಂತೆ ಕಾಣುವ ಕಥೆ ಅದು. ಒಬ್ಬ ಹೆಣ್ಣುಮಗಳ ಬಾಳನ್ನು ಸಮಾಜ ಹೇಗೆ ಹಿಡಿದು ಕೂರಿಸಿತು ಎಂಬುದು ಹಿಡಿಸಿದ್ದರೆ ಬಾಲವಿಧವೆಯೊಬ್ಬಳ ಸುದೀರ್ಘ ಬದುಕನ್ನು ಹೇಳುವ, ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'. ನನ್ನ ಸಹೋದ್ಯೋಗಿಯ ದನಿ ಏರಿದ್ದು "ಮನೆಯವರೇ ನೋಡುವ ನೋಟ" ಎಂಬಲ್ಲಿ. ಹಾಗಾಗಿ ನಾನು ವಿವೇಕ ಶಾನಭಾಗರ 'ಘಾಚರ್ ಘೋಚರ್' ಹೇಳಿದೆ. ಹಠಾತ್ತನೆ ಹಣ ಕಂಡ ಒಂದು ಕುಟುಂಬ, ಅದರ ಒಗ್ಗಟ್ಟು, ಆ ಒಗ್ಗಟ್ಟಿನ ಒಳಗಿನ ಕ್ರೌರ್ಯ. ಮೇಲ್ನೋಟಕ್ಕೆ ಈ ಎರಡು ಪುಸ್ತಕಗಳಿಗೆ ಸಂಬಂಧವೇ ಇಲ್ಲ. ಸೋಮವಾರ ಬೆಳಿಗ್ಗೆ ಅವರು ನೇರವಾಗಿ ನನ್ನ ಮೇಜಿನ ಬಳಿ ಬಂದು, ಕೈಚೀಲ ಇಳಿಸುವ ಮೊದಲೇ, "ಇರುವೆಗಳ ಭಾಗ ಓದಿದ ಮೇಲೆ ನಿದ್ದೆ ಬರಲಿಲ್ಲ ಸರ್" ಎಂದರು.

ಇನ್ನೆರಡು ಪ್ರಶ್ನೆಗಳಿವೆ. ಒಂದು, ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು, ಎಲ್ಲಿ ಬಿಟ್ಟಿರಿ? ಇಷ್ಟದ ಬಗ್ಗೆ ಜನ ಸಂಕೋಚದಿಂದ ಮಾತನಾಡುತ್ತಾರೆ, ಬೇಸರದ ಬಗ್ಗೆ ಮನಬಿಚ್ಚಿ ಹೇಳುತ್ತಾರೆ. ಇನ್ನೊಂದು, ಯಾವಾಗ ಓದುತ್ತೀರಿ? ರೈಲಿನಲ್ಲಿ ಇಪ್ಪತ್ತು ನಿಮಿಷ ಸಿಗುವವರಿಗೆ ಬೇಕಾದದ್ದು ಚಿಕ್ಕ ಅಧ್ಯಾಯಗಳ ಪುಸ್ತಕ. ರಜೆಯಲ್ಲಿ ಹತ್ತು ದಿನ ಬಿಡುವಿದ್ದವರಿಗೆ ದಪ್ಪ ಪುಸ್ತಕವೇ ಸುಖ.

ಯಾವ ಬಾಗಿಲಿನಿಂದ ಒಳಗೆ ಬರುವವರು?

ಅಮೆರಿಕದ ಸಿಯಾಟಲ್‌ನ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಒಂದು ಸರಳ ವಿಂಗಡಣೆ ಮಾಡಿದ್ದಾರೆ. ಓದುಗರು ಪುಸ್ತಕದ ಒಳಗೆ ಬರುವುದು ನಾಲ್ಕು ಬಾಗಿಲುಗಳಿಂದ: ಕಥೆ, ಪಾತ್ರ, ಪರಿಸರ, ಭಾಷೆ. ಒಂದೇ ಕಾದಂಬರಿಗೆ ನಾಲ್ಕೂ ಬಾಗಿಲು ಇರುತ್ತವೆ, ಆದರೆ ಒಂದೆರಡು ಮಾತ್ರ ಅಗಲವಾಗಿರುತ್ತವೆ. ಐತಿಹಾಸಿಕ, ಸಾಮಾಜಿಕ, ಪತ್ತೇದಾರಿ ಎಂಬ ನಮ್ಮ ಹಳೆಯ ವಿಭಾಗಗಳಿಗಿಂತ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ ಎಂಬುದು ನನ್ನ ಅನುಭವ.

"ಮುಂದೇನಾಯಿತು" ಎಂದು ಹಾರಿಹಾರಿ ಓದುವವರಿಗೆ ಕಥೆಯ ಬಾಗಿಲು. ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್' ಇವರಿಗೆ ಹೇಳಿ ಮಾಡಿಸಿದ್ದು. ಏಲಕ್ಕಿ ಮಾರಲು ಹೊರಟ ಗಂಡಹೆಂಡತಿ ತಮಗೆ ಅರಿವಿಲ್ಲದೆಯೇ ಒಂದು ದೊಡ್ಡ ಜಾಲದ ನಡುವೆ ಸಿಕ್ಕಿಕೊಳ್ಳುತ್ತಾರೆ. ಪಾತ್ರದ ಬಾಗಿಲಿನವರು ಕಥೆ ಮರೆತರೂ ಮನುಷ್ಯರನ್ನು ಮರೆಯುವುದಿಲ್ಲ. ಅವರಿಗೆ ಶಿವರಾಮ ಕಾರಂತರ 'ಬೆಟ್ಟದ ಜೀವ'ದ ಗೋಪಾಲಯ್ಯನನ್ನು ಪರಿಚಯಿಸಿದರೆ ಮುಗಿಯಿತು. ಪರಿಸರದ ಬಾಗಿಲಿನವರಿಗೆ ಒಂದು ಲೋಕದೊಳಗೆ ಹೋಗಿ ಇದ್ದು ಬರಬೇಕು. ಇವರಿಗಾಗಿಯೇ ಚಿತ್ರದುರ್ಗದ ಕೊನೆಯ ಪಾಳೆಯಗಾರನ ಕಾಲವನ್ನು ಕಟ್ಟಿಕೊಡುವ ತ.ರಾ.ಸು. ಅವರ 'ದುರ್ಗಾಸ್ತಮಾನ' ಇದೆ, 'ಮದುಮಗಳು' ಇದೆ. ಭಾಷೆಯ ಬಾಗಿಲಿನವರು ಒಂದು ವಾಕ್ಯ ಓದಿ ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕೂರುವವರು. ದೇವನೂರ ಮಹಾದೇವರ 'ಕುಸುಮಬಾಲೆ' ಅವರ ಕೈಗೆ ಸೇರಬೇಕು, ಮಿಕ್ಕವರ ಕೈಗೆ ಮೊದಲೇ ಸೇರಬಾರದು.

ಯಾವ ಬಾಗಿಲೆಂದು ತಿಳಿಯದಿದ್ದರೆ ನನ್ನ ಆಪದ್ಧನ ತೇಜಸ್ವಿಯವರದೇ 'ಕರ್ವಾಲೊ'. ಜೇನಿನ ಮಾತಿನಿಂದ ಶುರುವಾಗಿ ಹಾರುವ ಓತಿಯ ಹುಡುಕಾಟಕ್ಕೆ ಹೋಗಿ ನಿಲ್ಲುವ ಆ ಪುಟ್ಟ ಪುಸ್ತಕದಲ್ಲಿ ನಾಲ್ಕು ಬಾಗಿಲೂ ಸಾಕಷ್ಟು ಅಗಲವಾಗಿವೆ, ನಗುವಂತೂ ಧಾರಾಳ. ಅದನ್ನು ಅರ್ಧಕ್ಕೆ ಬಿಟ್ಟವರನ್ನು ನಾನು ಇದುವರೆಗೆ ಇಬ್ಬರನ್ನು ಮಾತ್ರ ಕಂಡಿದ್ದೇನೆ. ಅವರಲ್ಲಿ ಒಬ್ಬರಿಗೆ ಹಲ್ಲಿಯ ಭಯ.

ಒಂದು ಹೇಳಿ, ಹೆಚ್ಚೆಂದರೆ ಎರಡು

ಪುಸ್ತಕಪ್ರೇಮಿಗಳ ದೊಡ್ಡ ಚಟ ಪಟ್ಟಿ ಕೊಡುವುದು. ಒಂದು ಕೇಳಿದರೆ ಹದಿನೈದು ಹೇಳುತ್ತೇವೆ. ಅದರಲ್ಲಿ ನಮ್ಮ ಓದಿನ ಹರಹು ತೋರಿಸುವ ಆಸೆಯೇ ಹೆಚ್ಚು. ಕೇಳಿದವರು ಪಟ್ಟಿಯನ್ನು ಮೊಬೈಲಿನಲ್ಲಿ ಬರೆದುಕೊಂಡು, ಮೊದಲನೆಯದು ಅಂಗಡಿಯಲ್ಲಿ ಸಿಗದೆ, ಎರಡನೆಯದು ದಪ್ಪವೆಂದು ಅಂಜಿ, ಕೊನೆಗೆ ಒಂದನ್ನೂ ಓದದೆ ಬಿಡುತ್ತಾರೆ. ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎನ್ನುವ ಎರಡು ಎಲ್ಲರಿಗೂ ಗೊತ್ತು. ಓದುಗನ ಸಮಯ ಉಳಿಸಿ ಎಂಬ ನಾಲ್ಕನೆಯದನ್ನು ಮಾತ್ರ ನಮ್ಮಂಥವರು ಮರೆಯುತ್ತೇವೆ.

ಎರಡು ಹೇಳುವುದಾದರೆ ಎರಡೂ ಬೇರೆ ಬೇರೆ ಗಾತ್ರದವಾಗಿರಲಿ. ಒಂದು ವಾರಾಂತ್ಯದಲ್ಲಿ ಮುಗಿಯುವಂಥದ್ದು, ಇನ್ನೊಂದು ತಿಂಗಳು ಹಿಡಿಯುವಂಥದ್ದು. ಆಯ್ಕೆ ಅವರದು.

ಹೇಳುವ ಮಾತು

"ಅದ್ಭುತ", "ಓದಲೇಬೇಕು", "ಓದದಿದ್ದರೆ ಜೀವನವೇ ವ್ಯರ್ಥ". ಈ ಮೂರನ್ನೂ ಬಿಟ್ಟುಬಿಡಿ. ಅದ್ಭುತ ಎಂದಾಗ ನಿಮ್ಮ ಉತ್ಸಾಹ ಗೊತ್ತಾಗುತ್ತದೆಯೇ ಹೊರತು ಪುಸ್ತಕ ಗೊತ್ತಾಗುವುದಿಲ್ಲ. ಓದಲೇಬೇಕು ಎಂದ ಕ್ಷಣ ಅದು ಮನೆಪಾಠವಾಗುತ್ತದೆ. ಪ್ರಶಸ್ತಿಯ ಹೆಸರು ಹೇಳುವುದೂ ಅಷ್ಟೇ. ಕಾರಂತರಿಗೆ 1977ರಲ್ಲಿ ಜ್ಞಾನಪೀಠ ಬಂತೆಂಬ ಕಾರಣಕ್ಕೆ 'ಮೂಕಜ್ಜಿಯ ಕನಸುಗಳು' ಕೊಂಡು, ಕಪಾಟಿನಲ್ಲಿಟ್ಟು, ವರ್ಷಕ್ಕೊಮ್ಮೆ ಧೂಳು ಒರೆಸುವವರನ್ನು ನಾನು ಬಲ್ಲೆ.

ನಾಲ್ಕು ಮಾತು ಸಾಕು: ಕಥೆ ಎಲ್ಲಿ ಶುರುವಾಗುತ್ತದೆ, ಓದುವಾಗ ಹೇಗನಿಸುತ್ತದೆ, ಇದು ನಿಮಗೇ ಏಕೆ, ಎಲ್ಲಿ ಕಷ್ಟವಾಗಬಹುದು. 'ಬೆಟ್ಟದ ಜೀವ'ದ ಬಗ್ಗೆ ನಾನು ಹೇಳುವುದು ಹೀಗೆ: "ಕಾಡಿನಲ್ಲಿ ದಾರಿ ತಪ್ಪಿದ ಪ್ರಯಾಣಿಕನೊಬ್ಬ ರಾತ್ರಿ ಕಳೆಯಲು ಒಂದು ವೃದ್ಧ ದಂಪತಿಯ ಮನೆಗೆ ಬರುತ್ತಾನೆ. ಆ ಮನೆಯ ಮಗ ಬಿಟ್ಟು ಹೋಗಿದ್ದಾನೆ, ಯಾರೂ ಆ ಮಾತನ್ನು ನೇರವಾಗಿ ಆಡುವುದಿಲ್ಲ. ಓದುತ್ತಿದ್ದರೆ ಅವರ ಜಗಲಿಯ ಮೇಲೆ ಕುಳಿತು ಮಾತು ಕೇಳಿದಂತಿರುತ್ತದೆ. ನಿಮ್ಮ ತಾತನ ಕಥೆಗಳನ್ನು ನೀವು ಹೇಳುವಾಗಲೆಲ್ಲ ನನಗೆ ಈ ಪುಸ್ತಕ ನೆನಪಾಗುತ್ತದೆ. ಆದರೆ ದೊಡ್ಡ ಘಟನೆಗಳನ್ನು ನಿರೀಕ್ಷಿಸಬೇಡಿ." ಹೇಳಲು ಅರ್ಧ ನಿಮಿಷ ಹಿಡಿಯುತ್ತದೆ. ಮೂರನೆಯ ಮಾತು ಕೇಳುಗರಿಗೆ ತಕ್ಕಂತೆ ಬದಲಾಗಬೇಕು. ಅದು ಹೊಳೆಯದಿದ್ದರೆ ಬಹುಶಃ ಆ ಪುಸ್ತಕ ಅವರಿಗಲ್ಲ.

ಕಥೆಯನ್ನು ಎಷ್ಟು ಬಿಟ್ಟುಕೊಡಬಹುದು? ಮೊದಲ ಮೂವತ್ತು ಪುಟಗಳಲ್ಲಿ ನಡೆಯುವುದನ್ನು ಮಾತ್ರ ಹೇಳುವುದು ನನ್ನ ಗಡಿ. ಇದಕ್ಕೆ ನನ್ನ ಪಾಲಿಗೆ ಒಂದು ಕಷ್ಟವಿದೆ. 'ಮದುಮಗಳು'ವಿನ ಗುತ್ತಿಯ ನಾಯಿ ಹುಲಿಯನ ಬಗ್ಗೆ ಮಾತು ಬಂದರೆ ನನಗೆ ನಿಲ್ಲಿಸಲಾಗುವುದಿಲ್ಲ. ಹಾಗಾಗಿ ಆ ಕಾದಂಬರಿ ಓದದವರ ಎದುರು ನಾಯಿಯ ಸುದ್ದಿಯನ್ನೇ ಎತ್ತುವುದಿಲ್ಲ.

ಮುಚ್ಚಿಡಬಾರದ ಸಂಗತಿಗಳು

ಮಾರುವವರು ಕುಂದು ಮುಚ್ಚಿಡುತ್ತಾರೆ. ನಾವು ಮಾರುತ್ತಿಲ್ಲವಾದ್ದರಿಂದ ಹೇಳಿಬಿಡುವುದೇ ಲೇಸು. ಪಾತ್ರಗಳು ಬಹಳವಾಗಿದ್ದರೆ ಹೇಳಿ, ಬೇಕಾದರೆ ಒಂದು ಚೀಟಿಯಲ್ಲಿ ಹೆಸರು, ಮನೆತನ ಬರೆದುಕೊಂಡು ಓದಲು ತಿಳಿಸಿ. 'ಕುಸುಮಬಾಲೆ'ಯ ಆಡುಭಾಷೆ ಕಣ್ಣಿಗೆ ಮೊದಲು ತೊಡರುತ್ತದೆ, ಆದ್ದರಿಂದ ಮೊದಲ ಹತ್ತು ಪುಟಗಳನ್ನು ಗಟ್ಟಿಯಾಗಿ ಓದಲು ಹೇಳಿ. ರಾತ್ರಿ ಮನೆಮನೆಯ ದೀಪಗಳು ಜೋತಮ್ಮಂದಿರಾಗಿ ಸೇರಿ ಮಾತನಾಡುವ ಭಾಗವನ್ನು ನಾನೇ ಒಬ್ಬರಿಗೆ ಓದಿ ಹೇಳಿದೆ. ಅಲ್ಲಿಯವರೆಗೆ "ಅರ್ಥವಾಗುತ್ತಿಲ್ಲ" ಎನ್ನುತ್ತಿದ್ದವರು ಪುಸ್ತಕವನ್ನು ನನ್ನ ಕೈಯಿಂದ ಕಿತ್ತುಕೊಂಡು ತಾವೇ ಓದತೊಡಗಿದರು.

ಇನ್ನೊಂದು ಬಗೆಯ ಎಚ್ಚರಿಕೆ ಇನ್ನೂ ಸೂಕ್ಷ್ಮ. ಓದುವವರ ಬದುಕಿನಲ್ಲಿ ಈಗ ಏನು ನಡೆಯುತ್ತಿದೆ? 'ಶರಪಂಜರ'ದ ಕಾವೇರಿಯ ಮನಸ್ಸು ಕದಡುವುದು ಬಾಣಂತನದ ಹೊತ್ತಿನಲ್ಲಿ. ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು ನಿದ್ದೆಗೆಟ್ಟಿರುವ ತಾಯಿಗೆ ಅದನ್ನು ಮುನ್ಸೂಚನೆಯಿಲ್ಲದೆ ಕೊಡುವುದು ಸರಿಯಲ್ಲ. ಮನೆಯಲ್ಲಿ ಸಾವಾದವರಿಗೆ 'ಚೋಮನ ದುಡಿ' ಕೊಡುವ ಮುನ್ನ ಎರಡು ಸಲ ಯೋಚಿಸಿ, ಅದು ಮಕ್ಕಳನ್ನು ಕಳೆದುಕೊಳ್ಳುವ ತಂದೆಯ ಕಥೆ. ಕೆಲವರಿಗೆ ದುಃಖದ ಕಾಲದಲ್ಲಿ ದುಃಖದ ಪುಸ್ತಕವೇ ಆಸರೆ ಎಂಬುದೂ ನಿಜ. ತೀರ್ಮಾನ ಅವರದಾಗಲಿ, ವಿಷಯ ಮಾತ್ರ ಮೊದಲೇ ತಿಳಿದಿರಲಿ. ಕಥೆ ಬಿಟ್ಟುಕೊಡದೆ ಇದನ್ನು ಹೇಳುವುದು ಹೇಗೆ ಎಂದು ಕೇಳಬಹುದು. ಸಾವಿದೆ ಎಂದು ಹೇಳಿ, ಯಾರದೆಂದು ಹೇಳಬೇಡಿ.

ಪುಸ್ತಕ ಬಿಟ್ಟು ಲೇಖಕರನ್ನು ಹೇಳುವಾಗ

"ಕಾರಂತರನ್ನು ಓದಿ" ಎನ್ನುವುದು ಶಿಫಾರಸು ಆಗುವುದಿಲ್ಲ. ಅವರು ಬರೆದದ್ದು ನಲವತ್ತಕ್ಕೂ ಹೆಚ್ಚು ಕಾದಂಬರಿಗಳು. ಯಾವುದರಿಂದ ಶುರು ಮಾಡಬೇಕೆಂದು ಹೇಳದಿದ್ದರೆ ಪಾಪ, ಓದುಗ ಅಂಗಡಿಯ ಕಪಾಟಿನ ಮುಂದೆ ನಿಂತು ಮುಖಪುಟ ನೋಡಿ ಆರಿಸಿಕೊಳ್ಳುತ್ತಾನೆ. ಲೇಖಕರನ್ನು ಹೇಳುವುದೆಂದರೆ ಹೊಸ್ತಿಲು ತೋರಿಸುವುದು, ಒಳಗೆ ಯಾವ ಕೋಣೆಯಿಂದ ಯಾವ ಕೋಣೆಗೆ ಎಂದೂ ಸ್ವಲ್ಪ ತಿಳಿಸುವುದು. ಕಾರಂತರಿಗೆ ನಾನು ಹೇಳುವ ಕ್ರಮ 'ಬೆಟ್ಟದ ಜೀವ', ಆಮೇಲೆ 'ಚೋಮನ ದುಡಿ', ಉಸಿರು ಗಟ್ಟಿಯಾದ ಮೇಲೆ ಮೂರು ತಲೆಮಾರುಗಳ 'ಮರಳಿ ಮಣ್ಣಿಗೆ'. 'ಮೂಕಜ್ಜಿ' ಇವುಗಳ ನಂತರ. ಅಜ್ಜಿಯ ಮಾತಿನ ಹರಿತ ತಿಳಿಯಲು ಲೇಖಕರ ಪರಿಚಯ ಸ್ವಲ್ಪ ಆಗಿದ್ದರೆ ಚೆಂದ.

ಪ್ರಕಟವಾದ ವರ್ಷದ ಕ್ರಮದಲ್ಲೇ ಓದಬೇಕೆಂದು ಹಠ ಹಿಡಿಯುವವರಿದ್ದಾರೆ. ಸಂಶೋಧಕರಿಗೆ ಅದು ಸರಿ. ಕುವೆಂಪು ಬರೆದದ್ದು ಎರಡೇ ಕಾದಂಬರಿ, 1936ರಲ್ಲಿ 'ಕಾನೂರು ಹೆಗ್ಗಡಿತಿ', 1967ರಲ್ಲಿ 'ಮಲೆಗಳಲ್ಲಿ ಮದುಮಗಳು'. ಇಲ್ಲಿ ಮಾತ್ರ ವರ್ಷದ ಕ್ರಮವೂ ಓದುಗನ ಅನುಕೂಲವೂ ಒಂದೇ ಆಗುತ್ತವೆ. 'ಕಾನೂರು' ಓದಿ ಮಲೆನಾಡಿನ ಆ ಮನೆಗಳ ಒಳಹೊರಗು ಪರಿಚಯವಾದವರಿಗೆ 'ಮದುಮಗಳು' ಅಷ್ಟು ದಟ್ಟವೆನಿಸುವುದಿಲ್ಲ. ನನ್ನ ಸೋದರಳಿಯನ ವಿಷಯದಲ್ಲಿ ಇಷ್ಟಾದರೂ ತಲೆ ಓಡಿಸಬಹುದಿತ್ತು.

ಒಬ್ಬ ಲೇಖಕರ ಒಂದು ಪುಸ್ತಕ ಹಿಡಿಸದಿದ್ದರೆ "ಇನ್ನೊಂದು ಓದಿ ನೋಡಿ" ಎಂದು ಒಂದೇ ಸಲ ಹೇಳಬಹುದು. ಎರಡನೆಯದೂ ಹಿಡಿಸದಿದ್ದರೆ ಆ ಲೇಖಕರ ಮಾತು ಅಲ್ಲಿಗೆ ನಿಲ್ಲಲಿ. ವಾದ ಮಾಡಿ ಯಾರಿಗೂ ರುಚಿ ಹುಟ್ಟಿಸಲಾಗುವುದಿಲ್ಲ.

ಪ್ರತಿ, ಅನುವಾದ, ಎರವಲು

ಹೇಳುವ ಮೊದಲು ಪುಸ್ತಕ ಸಿಗುತ್ತದೆಯೇ ಎಂದು ನೋಡಿಕೊಳ್ಳಿ. ಮುದ್ರಣ ಮುಗಿದು ವರ್ಷಗಳಾದ ಕಾದಂಬರಿಯನ್ನು ಹೊಗಳಿ ಕಳಿಸುವುದು ಹಸಿದವರಿಗೆ ಚಿತ್ರದ ಊಟ ಬಡಿಸಿದಂತೆ. ವಯಸ್ಸಾದವರಿಗೆ ಹೇಳುವಾಗ ಅಕ್ಷರದ ಗಾತ್ರ ಗಮನಿಸಿ. ಓದಲು ಕಷ್ಟಪಡುವವರಿಗೆ ಧ್ವನಿಪುಸ್ತಕವಿದ್ದರೆ ಅದನ್ನೇ ಹೇಳಿ, ಕೇಳುವುದು ಓದುವುದಕ್ಕಿಂತ ಕಡಿಮೆ ಎಂದು ನಾನು ಒಪ್ಪುವುದಿಲ್ಲ. ಕನ್ನಡ ಓದಲು ಬಾರದ ಸ್ನೇಹಿತರಿಗೆ ಹೇಳುವಾಗ ಅನುವಾದಕರ ಹೆಸರನ್ನೂ ಸೇರಿಸಿ. ಅನಂತಮೂರ್ತಿಯವರ 'ಸಂಸ್ಕಾರ' ಇಂಗ್ಲಿಷಿನಲ್ಲಿ ದೂರ ಹೋದದ್ದರಲ್ಲಿ ಎ.ಕೆ. ರಾಮಾನುಜನ್ ಅವರ ಪಾಲು ದೊಡ್ಡದು, 'ಘಾಚರ್ ಘೋಚರ್' ವಿಷಯದಲ್ಲಿ ಶ್ರೀನಾಥ್ ಪೇರೂರ್ ಅವರದು.

ಎರವಲು ಕೊಡುವುದಾದರೆ ಕಳೆದುಕೊಳ್ಳಲು ಸಿದ್ಧವಿರುವ ಪ್ರತಿ ಮಾತ್ರ ಕೊಡಿ. ಮೆಚ್ಚಿನ ಪುಸ್ತಕದ ಎರಡು ಪ್ರತಿ ಇಟ್ಟುಕೊಳ್ಳುವುದು ನನ್ನ ಪದ್ಧತಿ: ಅಡಿಗೆರೆ ಎಳೆದದ್ದು ನನಗೆ, ಖಾಲಿಯದು ಊರಿಗೆ. ನಿಮ್ಮ ಅಡಿಗೆರೆಗಳಿರುವ ಪ್ರತಿ ಕೊಟ್ಟರೆ ಓದುಗ ಆ ಸಾಲುಗಳಲ್ಲಿ ಏನಿದೆ ಎಂದು ಹುಡುಕುತ್ತಾನೆ, ತನ್ನ ಸಾಲುಗಳನ್ನು ಕಾಣುವುದಿಲ್ಲ. ತಾವು ಬರೆದ ಪುಸ್ತಕಗಳನ್ನು ಹೊತ್ತುಕೊಂಡು ಊರೂರು ತಿರುಗಿ ಓದುಗರಿಗೆ ಮುಟ್ಟಿಸಿದ ಗಳಗನಾಥರನ್ನು ನೆನೆದರೆ ಎರಡನೆಯ ಪ್ರತಿಯ ಖರ್ಚು ದೊಡ್ಡದೆನಿಸುವುದಿಲ್ಲ.

ಆಮೇಲೆ ಏನು ಮಾಡಬೇಕು

ಸುಮ್ಮನಿರಬೇಕು. "ಓದಿದಿರಾ? ಎಲ್ಲಿಗೆ ಬಂತು?" ಎಂದು ವಾರಕ್ಕೊಮ್ಮೆ ಕೇಳುವವನನ್ನು ಕಂಡರೆ ಜನ ರಸ್ತೆ ದಾಟಿ ಹೋಗುತ್ತಾರೆ. ಸಾಲ ಕೊಟ್ಟವನಿಗೂ ಅವನಿಗೂ ಅವರಿಗೆ ವ್ಯತ್ಯಾಸ ಕಾಣದು. ಅವರಾಗಿಯೇ ಹೇಳುವವರೆಗೆ ಕಾಯಿರಿ. ನಾನು ಒಂದು ಸಣ್ಣ ಪುಸ್ತಕದಲ್ಲಿ ಯಾರಿಗೆ ಯಾವುದು ಹೇಳಿದೆ, ಏಕೆ ಹೇಳಿದೆ, ಏನಾಯಿತು ಎಂದು ಬರೆದಿಡುತ್ತೇನೆ. ಸೋತ ಶಿಫಾರಸುಗಳನ್ನು ತಿರುವಿ ನೋಡಿದರೆ ಹೆಚ್ಚಿನವು ನಾನು ಆಗಷ್ಟೇ ಓದಿ ಮುಗಿಸಿ ಅಮಲಿನಲ್ಲಿದ್ದಾಗ ಹೇಳಿದವು. ಈಗ ಹೊಸದಾಗಿ ಓದಿದ ಪುಸ್ತಕವನ್ನು ಎರಡು ವಾರ ಯಾರಿಗೂ ಹೇಳುವುದಿಲ್ಲ.

ಹಿಡಿಸಲಿಲ್ಲ ಎಂದು ಅವರು ಹೇಳಿದರೆ "ಏಕೆ?" ಎಂದು ಕೇಳಬೇಡಿ, ಅದು ವಿಚಾರಣೆಯಂತೆ ಕೇಳಿಸುತ್ತದೆ. "ಎಲ್ಲಿ ನಿಲ್ಲಿಸಿದಿರಿ?" ಎಂದು ಕೇಳಿ. ಪುಟದ ಸಂಖ್ಯೆಯೇ ಅರ್ಧ ಕಾರಣ ಹೇಳುತ್ತದೆ. ಹತ್ತರಲ್ಲಿ ಬಿಟ್ಟರೆ ಭಾಷೆಯ ತೊಡಕು, ಐವತ್ತರಲ್ಲಿ ಬಿಟ್ಟರೆ ಕಥೆ ಕಚ್ಚಲಿಲ್ಲ. ಇನ್ನೂರರಲ್ಲಿ ಬಿಟ್ಟರೆ ಯಾವುದೋ ಒಂದು ನಿರ್ದಿಷ್ಟ ಸಂಗತಿ ಚುಚ್ಚಿದೆ, ಅದನ್ನು ಕೇಳುವುದು ಸ್ವಾರಸ್ಯ. ಬಿಡುವುದಕ್ಕೂ ನ್ಯಾನ್ಸಿ ಪರ್ಲ್ ಅವರದೇ ಒಂದು ಲೆಕ್ಕವಿದೆ: ಐವತ್ತು ಪುಟ ಓದಿ ನೋಡಿ, ಆಗಲೂ ಹಿಡಿಸದಿದ್ದರೆ ಬಿಡಿ. ವಯಸ್ಸು ಐವತ್ತು ದಾಟಿದ್ದರೆ ನೂರರಿಂದ ವಯಸ್ಸನ್ನು ಕಳೆದು, ಉಳಿದಷ್ಟು ಪುಟ ಓದಿದರೆ ಸಾಕು. ಈ ಲೆಕ್ಕವನ್ನು ಪುಸ್ತಕ ಕೊಡುವಾಗಲೇ ತಿಳಿಸಿದರೆ ಎಂಟು ತಿಂಗಳು ಮುಖ ತಪ್ಪಿಸಿಕೊಂಡು ಓಡಾಡುವ ಸಂಕಟ ಅವರಿಗೆ ತಪ್ಪುತ್ತದೆ.

ಕೊನೆಯ ಕೆಲಸ, ಅವರು ಹೇಳಿದ ಪುಸ್ತಕವನ್ನು ನೀವೂ ಓದುವುದು. ಇದನ್ನು ಮಾಡದವರಿಗೆ ಮೇಲಿನ ಯಾವುದೂ ಫಲಿಸದು. ಮೂರು ವರ್ಷದ ಮೌನದ ನಂತರ ಸೋದರಳಿಯ ಮತ್ತೆ ಬಂದಾಗ ನಾನು ಮೊದಲು ಅವನನ್ನೇ ಕೇಳಿದೆ, "ನೀನು ಈಚೆಗೆ ಏನು ಓದಿದೆಯೋ?" ಅವನು ಬಾಹ್ಯಾಕಾಶದ ಒಂದು ಇಂಗ್ಲಿಷ್ ಕಾದಂಬರಿಯ ಬಗ್ಗೆ ಮುಕ್ಕಾಲು ಗಂಟೆ ಹೇಳಿದ. ಅವನ ದನಿ ಏರಿದ್ದು ಹಡಗುಗಳ ಕಾದಾಟದಲ್ಲಲ್ಲ, ವಿಜ್ಞಾನಿಗಳು ಒಂದು ವಿಚಿತ್ರ ಜೀವಿಯ ಜಾಡು ಹಿಡಿದು ಹೋಗುವ ಭಾಗದಲ್ಲಿ. 'ಕರ್ವಾಲೊ' ಕೊಟ್ಟೆ. ಎರಡು ದಿನದಲ್ಲಿ ಮುಗಿಸಿ ಫೋನ್ ಮಾಡಿ, "ಮಾವ, ಇದನ್ನೇ ಏಕೆ ಅವತ್ತು ಕೊಡಲಿಲ್ಲ?" ಎಂದು ಜಗಳ ತೆಗೆದ. ಪ್ರತಿಯಾಗಿ ತನ್ನ ಬಾಹ್ಯಾಕಾಶದ ಪುಸ್ತಕವನ್ನು ನನಗೆ ಕಳಿಸಿದ.

ಅದು ಈಗ ನನ್ನ ಹಾಸಿಗೆಯ ಪಕ್ಕದಲ್ಲಿದೆ. ನನ್ನ ವಯಸ್ಸಿಗೆ ನಲವತ್ತೆರಡು ಪುಟ ಓದಿದರೆ ಸಾಕಿತ್ತು, ಅರವತ್ತೊಂದರವರೆಗೆ ಬಂದಿದ್ದೇನೆ. ಹಡಗಿನ ಎಂಜಿನ್ನು ಇನ್ನೂ ರಿಪೇರಿಯಾಗಿಲ್ಲ. ಭಾನುವಾರ ಅವನು ಬರುತ್ತಾನೆ, ಎಲ್ಲಿ ನಿಲ್ಲಿಸಿದಿರಿ ಎಂದು ಕೇಳಿಯೇ ಕೇಳುತ್ತಾನೆ.